ಮನುಷ್ಯಾ ಮುಗದು ಹೋಗ್ತಾನೇನು? ಹೊಂಡದ ಮಣ್ಣು, ಹಗೇವು, ಬೀಜದ ಗಡಗಿ ಹೇಳೂ ಮಾತು

ಈ ಸಲ ರೇಟು, ಔಷಧ, ಗೊಬ್ಬರ ಯಾವುದೂ ಇಲ್ಲ. ಬರಹ ಉದ್ದ ಅದ. ಮಧ್ಯಾಹ್ನ ಬೇವಿನ ಗಿಡದ ನೆರಳಿಗೆ ಕುಂತಾಗ ಓದ್ರಿ.

ಹೊಲದಾಗ ಕೃಷಿ ಹೊಂಡ ತೋಡಿಸಲತ್ತಿದ್ದೆ. ಜೆಸಿಬಿ ನಡೆದಿತ್ತು, ನಾವು ನಾಲ್ಕು ಮಂದಿ ಒಡ್ಡಿನ ಮ್ಯಾಲ ನಿಂತಿದ್ವಿ. ಬಾಜೂ ಹೊಲದ ಹುಡುಗ ಮೊಬೈಲ್ ಮುಂದ ಹಿಡಿದು, "ಕಾಕಾ, ಇಲ್ಲಿ ನೋಡ್ರಿ. ಇನ್ನ ನೂರು ವರ್ಷದಾಗ ಮನುಷ್ಯಾ ಮುಗದೇ ಹೋಗಬಹುದಂತ. ಆರರಾಗ ಒಂದು ಚಾನ್ಸ್ ಅದ ಅಂತ ಯಾರೋ ವಿದ್ವಾಂಸರು ಹೇಳ್ಯಾರ" ಅಂದ. ನಮ್ಮ ಜೋಡಿ ನಿಂತಿದ್ದ ಹಿರಿಯರು, "ನಮ್ಮ ತೊಗರಿ ನೆಟೆ ಬಂದು ಮುಗದು ಹೋದಾಗ ಯಾರೂ ಮೊದಲೇ ಹೇಳಲಿಲ್ಲ. ಈಗ ಮನುಷ್ಯಾ ಮುಗಿತಾನಂತ ಹೇಳೂಕ ಬಂದಾರ" ಅಂದ್ರು. ಎಲ್ಲರೂ ನಕ್ಕೆವು.

ನಕ್ಕೆವು ಖರೇ, ಆದ್ರ ಆ ಮಾತು ತಲಿಯಾಗಿಂದ ಹೋಗಲಿಲ್ಲ. ಮಗಳ ಕಡಿಂದ ಹುಡುಕಿಸಿದೆ. ಹೇಳಿದವರ ಹೆಸರು ಟೋಬಿ ಆರ್ಡ್, ಆಕ್ಸಫರ್ಡ್ ವಿಶ್ವವಿದ್ಯಾಲಯದಾಗ ತತ್ವಶಾಸ್ತ್ರದವರು. 2020 ರಾಗ ಬಂದ ಅವರ ಪುಸ್ತಕದಾಗ ಈ ಲೆಕ್ಕ ಅದ. ಮನುಷ್ಯಕುಲ ಪೂರಾ ನಾಶ ಆಗೂದು, ಇಲ್ಲಾ ಮತ್ತ ಎದ್ದು ನಿಲ್ಲಲಾರದಂಗ ಬೀಳೂದು, ಎರಡೂ ಸೇರಿಸಿ ಈ ನೂರು ವರ್ಷದಾಗ ಆರರಾಗ ಒಂದು. ಅಳತಿ ಮಾಡಿದ್ದಲ್ಲ, ಅಂದಾಜು. ಆದ್ರ ಅದೇ ಪುಸ್ತಕದಾಗ ಇನ್ನೊಂದು ಅಂದಾಜು ಅದ, ಅದನ್ನ ಯಾರೂ ಹೇಳೂದಿಲ್ಲ. ಜ್ವಾಲಾಮುಖಿ, ಆಕಾಶದಿಂದ ಬೀಳೂ ಬಂಡಿಗಲ್ಲು, ಇಂಥ ನಿಸರ್ಗದ ಕಡಿಂದ ಬರೂ ಗಂಡಾಂತರ ಎಲ್ಲ ಕೂಡಿಸಿದ್ರೂ ನೂರು ವರ್ಷಕ್ಕ ಹತ್ತು ಸಾವಿರದಾಗ ಒಂದು. ಉಳಿದದ್ದೆಲ್ಲ ಮನುಷ್ಯಾ ತಾನೇ ಮಾಡಿಕೊಂಡದ್ದು. ಅಣುಬಾಂಬು, ಕೆಟ್ಟುಹೋಗಲತ್ತಿರೂ ಹವಾಮಾನ, ಪ್ರಯೋಗಶಾಲಾದಾಗ ಹುಟ್ಟಬಹುದಾದ ರೋಗ, ಕೈ ಮೀರಿ ಹೋಗೂ ಯಂತ್ರ.

ಅವರ ಲೆಕ್ಕ ಸರಿ ಅದನೋ ತಪ್ಪದನೋ ನಾ ಹೇಳೂವಂಥವನಲ್ಲ, ಎಸ್ಸೆಸ್ಸೆಲ್ಸಿ ಪಾಸಾದವ. ಆದ್ರ ಈ ಎರಡು ಲೆಕ್ಕದ ನಡುವಿನ ಫರಕ್ ನಮ್ಮ ಸೀಮಿಯ ಇತಿಹಾಸದಾಗೂ ಕಾಣತದ. ಹೊಂಡದಿಂದನೇ ಶುರು ಮಾಡ್ತೀನಿ.

ಜೆಸಿಬಿ ಮೊದಲು ಯರಿ ಮಣ್ಣು ತಗೀತು. ಆಮ್ಯಾಲ ಗರಸು. ಅದರ ಕೆಳಗ ಪದರ ಪದರ ಪರಸಿ ಕಲ್ಲು ಬಂತು, ಅಲ್ಲಿಗೆ ಬಕೆಟಿನ ಹಲ್ಲು ನಿಂತವು. ಸೇಡಂ, ಚಿತ್ತಾಪುರ, ಶಹಾಬಾದ ಕಡೀ ಇದು ಎಲ್ಲರಿಗೂ ಗೊತ್ತಿದ್ದದ್ದೇ. ಮನಿಗೆ ಹಾಸತೀವಿ, ಗ್ವಾಡಿ ಕಟ್ಟತೀವಿ, ಅದನ್ನೇ ಸುಟ್ಟು ಸಿಮೆಂಟ್ ಮಾಡ್ತಾರ. ಆ ಸುಣ್ಣದ ಕಲ್ಲು ಒಂದು ಕಾಲಕ್ಕ ಸಮುದ್ರದ ತಳ. ನಾವು ನಿಂತ ಜಾಗದಾಗ ಸಮುದ್ರ ಇತ್ತು. ಡೈನೋಸಾರ್ ಹುಟ್ಟೂಕ್ಕಿಂತ ಕೋಟಿ ಕೋಟಿ ವರ್ಷ ಮೊದಲಿನ ಮಾತದು.

ಮ್ಯಾಲಿನ ಯರಿ ಮಣ್ಣಿನ ಕಥಿ ಬ್ಯಾರೆ. ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದ ದಖ್ಖನ್ ಭೂಮಿ ಬಿರುಕು ಬಿಟ್ಟು ಲಾವಾ ಹರಿದು ಬಂತು. ಒಂದು ಸಲ ಹರಿದು ನಿಲ್ಲಲಿಲ್ಲ, ಲಕ್ಷಾಂತರ ವರ್ಷ ಮತ್ತ ಮತ್ತ ಹರಿತು. ಈಗೂ ಅದು 5 ಲಕ್ಷ ಚದರ ಕಿಲೋಮೀಟರ್ ಹರಡ್ಯದ, ಪಶ್ಚಿಮ ಘಟ್ಟದ ಕಡೀ 2 ಕಿಲೋಮೀಟರಿನಷ್ಟು ದಪ್ಪ ಅದ. ಅದರ ಅಂಚು ನಮ್ಮ ಕಲಬುರಗಿ ಜಿಲ್ಲಾದಾಗ ಹಾದು ಹೋಗ್ತದ. ಆ ಕರಿಕಲ್ಲು ಬಿಸಿಲು ಮಳಿಗೆ ಸವದು ಸವದು ನಮ್ಮ ಕಡಿಯ ಯರಿ ಮಣ್ಣು ಬಹಳಷ್ಟು ಆದದ್ದು. ಅದೇ ಕಾಲಕ್ಕ ಮೆಕ್ಸಿಕೋ ದೇಶದ ಕಡೀ ಸುಮಾರು 10 ಕಿಲೋಮೀಟರ್ ಅಗಲದ ಆಕಾಶದ ಬಂಡಿ ಬಂದು ಬಿತ್ತು. ಧೂಳು, ಹೊಗಿ ಎದ್ದು ಬಿಸಿಲು ಮುಚ್ಚಿತು. ಬೆಳೀತಿದ್ದ ಗಿಡಗಂಟಿ ನಿಂತುಬಿಟ್ಟವು. ಭೂಮಿ ಮ್ಯಾಲಿನ ನಾಲ್ಕು ಜಾತಿ ಜೀವದಾಗ ಮೂರು ಜಾತಿ ಅಳಿದುಹೋದವು. ಹಕ್ಕಿಯಾಗಿ ಉಳಿದವನ್ನ ಬಿಟ್ರ ಡೈನೋಸಾರ್ ಎಲ್ಲಾ ಹೋದವು.

ಅಂದ್ರ ನಾವು ತೊಗರಿ ಬಿತ್ತೂ ಮಣ್ಣು ಆ ದೊಡ್ಡ ನಾಶದ ಕಾಲದ ಕಲ್ಲಿನ ಪುಡಿ. ಆಗ ಉಳಿದವು ಯಾವ ಜೀವ? ಮೈ ದೊಡ್ಡದಿದ್ದವು ಅಲ್ಲ. ಸಣ್ಣ ಮೈಯಿನವು, ಬಿಲದಾಗ ಇರತಿದ್ದವು, ಕಾಳು, ಹುಳ, ಬೇರು ಸಿಕ್ಕಿದ್ದು ತಿಂತಿದ್ದವು. ಒಂದೇ ಆಹಾರದ ಮ್ಯಾಲ ನಿಂತವು ಹೋದವು. ಇದೊಂದು ಮಾತು ನೆನಪಿಟ್ಟುಕೊಳ್ರಿ, ಮುಂದ ಬರ್ತದ.

ಈಗ ಮನುಷ್ಯನ ಕಡೀ ಬರೋಣ. ನಮ್ಮ ಬಾಜೂ ಯಾದಗಿರಿ ಜಿಲ್ಲಾದಾಗ ಹುಣಸಗಿ ಸೀಮಿ ಅದಲ್ಲ, ಅಲ್ಲಿ ಇಸಾಂಪುರ ಅಂತ ಊರು. ಪುಣೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಲ್ಲಿ ಅಗೆದು ನೋಡಿದಾಗ ಆದಿಮಾನವರು ಕಲ್ಲಿನ ಕೊಡಲಿ ಮಾಡ್ತಿದ್ದ ಜಾಗ ಸಿಕ್ತು. ಸುಮಾರು 12 ಲಕ್ಷ ವರ್ಷದ ಹಿಂದಿನದು ಅಂತ ಲೆಕ್ಕ ಬಂದದ. ಅವರು ಕೊಡಲಿ ಮಾಡಿದ್ದು ನಮ್ಮ ಪರಸಿ ಕಲ್ಲಿನ ಬಳಗದ ಸುಣ್ಣಗಲ್ಲಿನಿಂದನೇ. ಅವರು ನಮ್ಮಂಥ ಮನುಷ್ಯರಲ್ಲ, ನಮ್ಮಕ್ಕಿಂತ ಹಿಂದಿನ ಕುಲ. ಆ ಕುಲ ಈಗಿಲ್ಲ. ಅಂದ್ರ ಮನುಷ್ಯನಂಥ ಜೀವ ಮುಗದು ಹೋಗೂದು ಹೊಸ ಮಾತಲ್ಲ, ನಮ್ಮ ಸೀಮಿಯಾಗೇ ಗುರುತು ಅದ.

ಇನ್ನೊಂದು ಜಾಗ ಕೃಷ್ಣಾ ದಾಟಿದ ಮ್ಯಾಲ ಆಂಧ್ರದಾಗ ಅದ, ಹಳೀ ಕರ್ನೂಲ ಜಿಲ್ಲಾದ ಜ್ವಾಲಾಪುರಂ. 74 ಸಾವಿರ ವರ್ಷದ ಹಿಂದ ಇಂಡೋನೇಷ್ಯಾದ ಸುಮಾತ್ರಾ ನಡುಗಡ್ಡಿಯಾಗ ಟೋಬಾ ಅನ್ನೂ ಜ್ವಾಲಾಮುಖಿ ಸಿಡಿತು. ಸಿಡಿದ ಜಾಗದಾಗ ಈಗ 100 ಕಿಲೋಮೀಟರ್ ಉದ್ದದ ಕೆರಿ ಅದ, ಹ್ಯಾಂಗ ಸಿಡಿದಿರಬೇಕು ನೀವೇ ಎಣಿಸ್ರಿ. ಆ ಬೂದಿ ಸಮುದ್ರ ದಾಟಿ ಬಂದು ನಮ್ಮ ದೇಶದ ಮ್ಯಾಲ ಬಿತ್ತು. ಜ್ವಾಲಾಪುರಂ ಕಡೀ ಅದರ ದಪ್ಪ ಪದರ ಇನ್ನೂ ಅದ. ಬೂದಿಯ ಮೋಡ ಸೂರ್ಯನ್ನ ಮುಚ್ಚಿ, ಚಳಿ ಬಿದ್ದು, ಜಗತ್ತಿನಾಗ ಮನುಷ್ಯರು ಬರೀ ಕೆಲವು ಸಾವಿರ ಮಂದಿ ಉಳಿದ್ರು ಅಂತ ಒಂದು ಕಾಲಕ್ಕ ವಿಜ್ಞಾನಿಗಳು ಹೇಳ್ತಿದ್ರು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರು, ವಿಲಾಯತಿಯ ಮೈಕಲ್ ಪೆಟ್ರಾಗ್ಲಿಯಾ ಮತ್ತು ಅವರ ಸಂಗಡಿಗರು ಅಲ್ಲಿ ಅಗೆದು ನೋಡಿದ್ರು. ಬೂದಿಯ ಕೆಳಗ ಕಲ್ಲಿನ ಹತಾರ ಸಿಕ್ಕವು. ಬೂದಿಯ ಮ್ಯಾಲೂ ಅಂಥವೇ ಹತಾರ ಸಿಕ್ಕವು. 2007 ರಾಗ ಅದನ್ನ ಪ್ರಕಟ ಮಾಡಿದ್ರು. ಕೈಗಾರಿಕಿ ಬದಲಾಗಿಲ್ಲ, ಅಂದ್ರ ಅಲ್ಲಿನ ಮಂದಿ ಆ ಗಂಡಾಂತರ ದಾಟಿ ಉಳಿದಿರಬೇಕು ಅಂತ ಅವರ ವಾದ.

ಹ್ಯಾಂಗ ಉಳಿದಿರಬೇಕು? ಒಂದೇ ಊರಾಗ ಕೂಡಿದ್ದಿಲ್ಲ, ಸಣ್ಣ ಸಣ್ಣ ಗುಂಪಾಗಿ ಚದುರಿದ್ರು. ಒಂದೇ ಬೆಳಿ ನಂಬಿರಲಿಲ್ಲ, ಗೆಣಸು, ಹಣ್ಣು, ಬ್ಯಾಟಿ, ಮೀನು ಸಿಕ್ಕಿದ್ದು ತಿಂತಿದ್ರು. ಒಂದು ಕಡೀ ಕೆಟ್ರ ಇನ್ನೊಂದು ಕಡೀ ನಡೀತಿತ್ತು. ಇದು ನನ್ನ ಊಹೆ, ಆದ್ರ ಹೊಲ ಮಾಡೂ ಯಾರಿಗಾದ್ರೂ ಇದೇ ಊಹೆ ಬರ್ತದ.

ರಾಜ್ಯ ಮುಗಿಯೂದು, ಕುಲ ಮುಗಿಯೂದು ಬ್ಯಾರೆ ಬ್ಯಾರೆ. ಅದಕ್ಕೂ ಸಾಕ್ಷಿ ನಮ್ಮ ಮಗ್ಗಲದಾಗೇ ಅದ. ಮಳಖೇಡಕ್ಕ ಹೋದವರು ಕಾಗಿಣಾ ಹೊಳಿ ದಂಡಿ ಮ್ಯಾಲ ಕೋಟಿ ನೋಡೀರಿ. ಅದು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ. ಅರಬ ದೇಶದ ವ್ಯಾಪಾರಿ ಸುಲೇಮಾನ್ 9ನೇ ಶತಮಾನದಾಗ ಜಗತ್ತಿನ ನಾಲ್ಕು ದೊಡ್ಡ ದೊರೆಗಳಾಗ ಇಲ್ಲಿನ ದೊರೆಯನ್ನೂ ಒಬ್ಬ ಅಂತ ಎಣಿಸ್ಯಾನ. 972 ರಾಗ ಮಾಳವದ ಪರಮಾರ ಸೀಯಕ ಬಂದು ಊರು ಲೂಟಿ ಮಾಡಿದ. ಮರುವರ್ಷವೇ ರಾಷ್ಟ್ರಕೂಟರ ರಾಜ್ಯ ಹೋಗಿ ಚಾಲುಕ್ಯ ತೈಲಪ ಬಂದ. ಅವತ್ತು ಮಾನ್ಯಖೇಟದ ಮಂದಿಗೆ ಜಗತ್ತೇ ಮುಗಿತು ಅನಿಸಿರಬೇಕು. ಆದ್ರ ಕಾಗಿಣಾ ದಂಡಿಯ ಹೊಲದಾಗ ಬಿತ್ತನಿ ನಿಂತಿಲ್ಲ. ದೊರಿ ಹೋದ್ರೂ ಬೀಜ ಇತ್ತು. ಬೀಜ ಇರೂತನಕ ಊರು ಮತ್ತ ಏಳತದ.

ಬರಗಾಲ ಬಂದಾಗ ಬೀಜಕ್ಕೇ ಕುತ್ತು ಬರ್ತದ. ನಮ್ಮ ಸೀಮಿ ಕಂಡ ಬರಗಾಲ ಎಣಿಸಿದ್ರ ಮುಗಿಯೂದಿಲ್ಲ. 1396 ರಿಂದ ವರ್ಷಾನುಗಟ್ಟಲೆ ನಡೆದ ದುರ್ಗಾದೇವಿ ಬರ ಇತ್ತು. 1791-92 ರಾಗ ಡೋಗಿ ಬರ ಇತ್ತು. ಹೆಣ ಸುಡೂಕ, ಹುಗಿಯೂಕ ಮಂದಿ ಇಲ್ಲದೆ ಬಯಲಾಗ ತಲಿಬುರುಡಿ ಬಿದ್ದವು ಅಂತ ಅದಕ್ಕ ಆ ಹೆಸರು. ಆದ್ರ ನಾ ಭಾಳ ವಿಚಾರ ಮಾಡಿದ್ದು 1876-78 ರ ಬರ. ಧಾತು ಸಂವತ್ಸರ, ಮುಂದಿನ ಈಶ್ವರ ಸಂವತ್ಸರ ಎರಡೂ ಕೂಡಿ ಬಂದದ್ದರಿಂದ ಹಿರಿಯರು ಧಾತು ಬರ ಅಂತಿದ್ರು.

1876 ರಾಗ ಮಳಿ ಹೋಯಿತು. ದೂರದ ಪೆಸಿಫಿಕ್ ಸಮುದ್ರ ಕಾಯ್ದಾಗ ನಮ್ಮ ಮುಂಗಾರಿ ಕೆಡತದ, ಅದಕ್ಕ ಎಲ್ ನಿನೊ ಅಂತಾರ, ಆ ಬರದ ಕಾಲದಾಗ ಬಂದದ್ದು ಭಾರೀ ದೊಡ್ಡದು. ಮದ್ರಾಸ್, ಮುಂಬೈ ಇಲಾಖಾ, ಮೈಸೂರು, ನಮ್ಮ ನಿಜಾಮ ಸೀಮಿ ಎಲ್ಲ ಕಡೀ ಹೊಡೆತ ಬಿತ್ತು. ಮೈಸೂರು ಸಂಸ್ಥಾನ ಒಂದರಾಗೇ ಸುಮಾರು 10 ಲಕ್ಷ ಮಂದಿ ಸತ್ರು, ಅಂದ್ರ ಐದು ಮಂದಿಗೆ ಒಬ್ಬರು.

ಇಲ್ಲಿ ಒಂದು ಮಾತು ನೋಡ್ರಿ. ಈ ಬರಕ್ಕಿಂತ ಮೊದಲೇ ನಮ್ಮ ಕಡೀ ರೈಲು ಬಂದಿತ್ತು. ಮುಂಬೈ ಮದ್ರಾಸ್ ದಾರಿ ವಾಡಿ, ರಾಯಚೂರ ಮ್ಯಾಲ ಹಾದು 1871 ರಾಗ ಕೂಡಿತ್ತು. 1874 ರಾಗ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರು ಆಗಿತ್ತು, ಅದು ನಮ್ಮ ಚಿತ್ತಾಪುರ, ಸೇಡಂ ಸೀಮಿ ಹಾದೇ ಹೋಗ್ತದ. ರೈಲು ಇದ್ದಮ್ಯಾಲ ಬರ ಬಂದ್ರ ಕಾಳು ಬರ್ತದ ಅಂತ ಎಲ್ಲರೂ ತಿಳಿದಿದ್ರು. ಕಾಳು ಬಂತು ಕೂಡ. ಆದ್ರ ರೈಲಿನಾಗ ಕಾಳು ರೇಟು ಎಲ್ಲಿ ಹೆಚ್ಚದನೋ ಅಲ್ಲಿಗೆ ಹೋಗ್ತದ, ಹಸಿವು ಎಲ್ಲಿ ಹೆಚ್ಚದನೋ ಅಲ್ಲಿಗೆ ತಾನಾಗೇ ಹೋಗೂದಿಲ್ಲ. ಬೆಳಿ ಇದ್ದ ಊರಿನ ಕಾಳೂ ಹೊರಗ ಹೋಗಿ ಎಲ್ಲ ಕಡೀ ರೇಟು ಏರಿತು. ಕೂಲಿ ಇಲ್ಲದವನ ಕೈಯಾಗ ರೊಕ್ಕ ಇಲ್ಲ, ಚೀಲ ಕಣ್ಣ ಮುಂದಿದ್ರೂ ಉಪವಾಸ. ಅದೇ ಹೊತ್ತಿನಾಗ ದೇಶದ ಗೋಧಿ ಹಡಗ ಹತ್ತಿ ಇಂಗ್ಲೆಂಡಿಗೆ ಹೋಗ್ತಿತ್ತು. ಸರ್ಕಾರದ ಕಡಿಂದ ಬಂದ ರಿಚರ್ಡ್ ಟೆಂಪಲ್ ಸಾಹೇಬ್ರು ಕಾಮಗಾರಿ ಮಾಡೂ ಗಂಡಾಳಿಗೆ ದಿನಕ್ಕ ಒಂದು ಪೌಂಡ್ ಕಾಳು, ಅಂದ್ರ ಅರ್ಧ ಕಿಲೋಕ್ಕಿಂತ ಕಡಿಮಿ, ಸಾಕು ಅಂದ್ರು. ಮಳಿ ಹೋದದ್ದು ನಿಸರ್ಗದ ಕೆಲಸ. ಅಷ್ಟು ಮಂದಿ ಸತ್ತದ್ದು ಮನುಷ್ಯನ ಕೆಲಸ.

ಆವಾಗ ನಮ್ಮ ಊರುಗಳಾಗ ಏನಿತ್ತು? ಹಗೇವು ಇತ್ತು. ಈಗಿನ ಹುಡುಗರಿಗೆ ಗೊತ್ತಿಲ್ಲ, ಹೇಳ್ತೀನಿ. ಗಟ್ಟಿ ನೆಲದಾಗ ಗಡಗಿಯ ಆಕಾರದ ಆಳವಾದ ತೆಗ್ಗು ತೋಡತಿದ್ರು. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಒಳಗ ಕಣಕಿ, ಹುಲ್ಲು ಹಚ್ಚಿ ಜ್ವಾಳ ತುಂಬಿ, ಪರಸಿ ಕಲ್ಲು ಮುಚ್ಚಿ, ಮ್ಯಾಲ ಮಣ್ಣು ಮೆತ್ತತಿದ್ರು. ಒಳಗಿನ ಗಾಳಿ ಕಾಳೇ ಉಸಿರಾಡಿ ತೀರಿಸಿಬಿಡತದ, ಹುಳ ಹುಟ್ಟೂದಿಲ್ಲ. ಅದಕ್ಕೇ ಹಗೇವು ತೆರೆದ ಕೂಡಲೇ ಒಳಗ ಇಳೀಬಾರದು. ದಿನಾ ಗಟ್ಲೆ ಬಾಯಿ ತೆರೆದಿಟ್ಟು, ದೀಪ ಇಳಿಸಿ ಆರೂದಿಲ್ಲಂತ ನೋಡಿ ಆಮ್ಯಾಲ ಇಳೀಬೇಕು. ವರ್ಷಗಟ್ಲೆ ಜ್ವಾಳ ಕೆಡತಿರಲಿಲ್ಲ. ಆದ್ರ ಹಗೇವಿನ ಜ್ವಾಳ ಉಣ್ಣೂಕ ಆಗ್ತದ, ಬಿತ್ತೂಕ ಬರೂದಿಲ್ಲ, ಮೊಳಕಿ ಸತ್ತಿರತದ. ಬೀಜಕ್ಕ ಬ್ಯಾರೆ ಗಡಗಿ. ಬೂದಿ ಬೆರಸಿ, ಬೇವಿನ ಸೊಪ್ಪು ಹಾಕಿ, ಬಾಯಿ ಮೆತ್ತಿ, ಅಟ್ಟದ ಮ್ಯಾಲ ಇಡತಿದ್ರು. ಆ ಗಡಗಿಗೆ ಹೆಣ್ಮಕ್ಕಳದೇ ಕಾವಲು.

ಹಗೇವು ಎಲ್ಲರ ಮನ್ಯಾಗ ಇತ್ತು ಅಂತ ಸುಳ್ಳು ಹೇಳೂದಿಲ್ಲ. ಗೌಡರದು, ಸಾಹುಕಾರರದು ಇತ್ತು. ಕೂಲಿ ಮಾಡೂವರಿಗೆ ಅದರಾಗಿನ ಕಾಳು ಸಾಲಕ್ಕ, ಬಡ್ಡಿಗೆ ಸಿಗ್ತಿತ್ತು. ಆದ್ರ ಕಾಳು ಊರಾಗೇ ಇತ್ತು. ರೇಟು ಬಂದ ಕೂಡಲೇ ಹಗೇವು ಖಾಲಿ ಮಾಡಿದ ಊರಿಗೆ ಆ ಆಸರವೂ ಇರೂದಿಲ್ಲ.

ರೈಲು ಕೆಟ್ಟದ್ದು ಅಂತ ನಾ ಹೇಳಲತ್ತಿಲ್ಲ. 1880 ರಾಗ ಬರಗಾಲದ ಆಯೋಗ ವರದಿ ಕೊಟ್ಟ ಮ್ಯಾಲ ಬರ ಬಂದ್ರ ಸರ್ಕಾರ ಏನು ಮಾಡಬೇಕು ಅಂತ ಕಾಯ್ದೆ ಬರೆದ್ರು. ಯಾವಾಗ ಕಾಮಗಾರಿ ತೆಗೀಬೇಕು, ಕೂಲಿ ಎಷ್ಟು ಕೊಡಬೇಕು, ಎಲ್ಲ. 1972 ರ ಬರ ನಾ ಕೂಸು ಇದ್ದಾಗಿನದು. ಹೊರದೇಶದ ಕೆಂಪು ಜ್ವಾಳ ತಿಂದೆವು, ಕಾಮಗಾರಿಯಾಗ ಖಡಿ ಒಡದೆವು ಅಂತ ಅವ್ವ ಹೇಳ್ತಿದ್ದಳು. ಬಾಯಿ ಕೆಟ್ಟಿತ್ತು, ಆದ್ರ ಜೀವ ಉಳಿತು. ಅದನ್ನ ತಂದದ್ದು ಹಡಗು ಮತ್ತ ರೈಲು. ಹಂಗಾಗಿ ಹೊರಗಿನ ಕೈಯೂ ಬೇಕು, ಮನಿ ಒಳಗಿನ ಗಡಗಿಯೂ ಬೇಕು. ಒಂದೇ ಇದ್ರ ಸಾಲೂದಿಲ್ಲ.

ರೋಗಕ್ಕೂ ಇದೇ ಮಾತು. 1918 ರಾಗ ಮುಂಬೈಗೆ ಇನ್‌ಫ್ಲುಯೆಂಜಾ ಬಂತು, ರೈಲು ಹತ್ತಿ ದೇಶ ತುಂಬ ಹೋಯಿತು. ಅದೇ ವರ್ಷ ಮಳಿಯೂ ಹೋಗಿತ್ತು. ದೇಶದಾಗ ಒಂದು ಕೋಟಿಗೂ ಮೀರಿ ಮಂದಿ ಸತ್ರು. ನಮ್ಮ ಹೈದರಾಬಾದ ಸಂಸ್ಥಾನದ ಜನಗಣತಿ ನೋಡ್ರಿ. 1911 ರಾಗ 1 ಕೋಟಿ 33 ಲಕ್ಷ ಇದ್ದದ್ದು 1921 ರಾಗ 1 ಕೋಟಿ 24 ಲಕ್ಷ. ಹತ್ತು ವರ್ಷದಾಗ ಮಂದಿ ಹೆಚ್ಚಾಗೂದು ಬಿಟ್ಟು ಕಡಿಮಿ ಆದ್ರು. 2020 ರ ಮಾರ್ಚಿನಾಗ ನಮ್ಮ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಾಗೇ ಆದದ್ದು ನಿಮಗೆಲ್ಲ ನೆನಪದ. ದೂರದ ರೋಗ ದೂರ ಉಳಿಯೂದಿಲ್ಲ.

ಹಾಂಗಂತ ಮನುಷ್ಯನ ಕೈಲಿ ಏನೂ ಆಗೂದಿಲ್ಲ ಅಂತಲ್ಲ. ನನ್ನ ತೋಳಿನ ಮ್ಯಾಲ ಸಿಡುಬಿನ ಲಸಿಕಿಯ ಗುರುತು ಅದ. ನನ್ನ ವಯಸ್ಸಿನವರೆಲ್ಲ ತೋಳು ನೋಡಿಕೊಳ್ರಿ. ಮಕ್ಕಳ ತೋಳು ನೋಡ್ರಿ, ಅವರಿಗೆ ಇಲ್ಲ. ಯಾಕಂದ್ರ ಬೇಕಾಗಲಿಲ್ಲ. ಹಿಂದಿನ ಶತಮಾನದಾಗ 30 ಕೋಟಿ ಮಂದಿನ ಕೊಂದ ರೋಗ ಭೂಮಿ ಮ್ಯಾಲ ಇಲ್ಲಂತ 1980 ರಾಗ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ದನಗಳ ದೊಡ್ಡರೋಗನೂ ಹಂಗೇ. ಒಂದು ಸಲ ಬಂದ್ರ ಕೊಟ್ಟಿಗಿ ಖಾಲಿ ಆಗ್ತಿತ್ತು. 2011 ರಾಗ ಅದೂ ಜಗತ್ತಿನಿಂದ ಹೋಯಿತು. ಆಗ ಅಮೆರಿಕ, ರಷ್ಯಾ ಒಬ್ಬರಿಗೊಬ್ಬರು ಆಗದಿದ್ದಾಗೂ ಸಿಡುಬಿನ ಕೆಲಸಕ್ಕ ಕೂಡಿದ್ರು. ಮನುಷ್ಯಾ ಮನಸ್ಸು ಮಾಡಿದ್ರ ಆಗ್ತದ.

ಅದೇ ಅಮೆರಿಕ, ರಷ್ಯಾದ ಇನ್ನೊಂದು ಕಥಿ ಕೇಳ್ರಿ. 1983 ರ ಸಪ್ಟೆಂಬರ್ 26, ನಾ ಆಗ ಸಾಲಿ ಹುಡುಗ. ಸೋವಿಯತ್ ರಷ್ಯಾದಾಗ ಸ್ಟಾನಿಸ್ಲಾವ್ ಪೆಟ್ರೋವ್ ಅನ್ನೂ ಅಧಿಕಾರಿ ರಾತ್ರಿ ಪಾಳಿಯಾಗ ಕುಂತಿದ್ದ. ಅಮೆರಿಕ ಐದು ಕ್ಷಿಪಣಿ ಬಿಟ್ಟದ ಅಂತ ಉಪಗ್ರಹದ ಯಂತ್ರ ಗಂಟಿ ಹೊಡಿತು. ಮ್ಯಾಲಿನವರಿಗೆ ಹಾಂಗೇ ಹೇಳಿದ್ರ ಅವರೂ ತಿರುಗಿ ಬಿಡಬಹುದಿತ್ತು. ಯುದ್ಧ ಶುರು ಮಾಡೂವರು ಐದೇ ಬಿಡತಾರೇನು ಅಂತ ಅವನಿಗೆ ಸಂಶಯ ಬಂತು. ಯಂತ್ರದ ತಪ್ಪು ಅಂತ ವರದಿ ಕೊಟ್ಟ. ಖರೇನೇ ತಪ್ಪಿತ್ತು, ಮೋಡದ ಮ್ಯಾಲಿನ ಬಿಸಿಲಿನ ಝಳ ನೋಡಿ ಯಂತ್ರ ಮೋಸ ಹೋಗಿತ್ತು. ಅವತ್ತು ನಮ್ಮ ಮಂದಿ ತೊಗರಿ ಹೊಲದಾಗ ಎಡಿ ಹೊಡಕೋತ ಇದ್ದಿರಬೇಕು. ಬಾಂಬು ಬೀಳೂದು ನಮ್ಮ ಮ್ಯಾಲಲ್ಲ ಖರೇ. ಆದ್ರ ಊರು ಊರೇ ಸುಟ್ಟ ಹೊಗಿ ಮ್ಯಾಲ ಹೋಗಿ ಬಿಸಿಲು ಮುಚ್ಚಿದ್ರ ಮಳಿ ಕೆಡತದ, ಬೆಳಿ ಬರೂದಿಲ್ಲ. ಡೈನೋಸಾರ್ ಕಾಲದಾಗ ಆದದ್ದು ಅದೇ. ಫರಕ್ ಇಷ್ಟೇ, ಆಗ ಬಂಡಿ ಆಕಾಶದಿಂದ ಬಿತ್ತು, ಈಗ ನಾವೇ ಮಾಡಿ ಇಟ್ಟೀವಿ. ಇವತ್ತಿಗೂ ಜಗತ್ತಿನಾಗ ಸುಮಾರು 12 ಸಾವಿರ ಅಣುಬಾಂಬು ಅವ.

ಇದಕ್ಕ ನಾವು ಆಡಕಿ ಹೋಬಳಿಯಾಗ ಕುಂತು ಏನು ಮಾಡೋದು ಅಂತ ಕೇಳ್ತೀರಿ. ಬಾಂಬಿಗೆ ಏನೂ ಮಾಡಲಾರೆವು, ವೋಟು ಹಾಕೂವಾಗ ಯುದ್ಧದ ಮಾತು ಕೇಳಿ ಚಪ್ಪಾಳಿ ಹೊಡೀದಂಗ ಇರಬಹುದು, ಅಷ್ಟೇ. ಆದ್ರ ಉಣ್ಣೂದರ ವಿಷಯದಾಗ ನಮ್ಮ ಕೈಯಾಗ ಭಾಳ ಅದ.

1845 ರಾಗ ಐರ್ಲೆಂಡ್ ದೇಶದಾಗ ಬಡವರೆಲ್ಲ ಒಂದೇ ತಳಿ ಆಲೂಗಡ್ಡಿ ಹಚ್ಚಿ ಅದನ್ನೇ ತಿಂತಿದ್ರು. ಅಂಗಮಾರಿ ರೋಗ ಬಂತು. ಒಂದು ಗಿಡಕ್ಕ ತಡಕೊಳ್ಳೂ ಶಕ್ತಿ ಇಲ್ಲಂದ್ರ ಯಾವ ಗಿಡಕ್ಕೂ ಇಲ್ಲ. ಕೆಲವು ವರ್ಷದಾಗ 10 ಲಕ್ಷ ಮಂದಿ ಸತ್ರು, 10 ಲಕ್ಷ ಮಂದಿ ದೇಶ ಬಿಟ್ರು. ನಾವು ಅದನ್ನ ಸಣ್ಣ ಪ್ರಮಾಣದಾಗ ನೋಡೀವಿ. 2022-23 ರ ಹಂಗಾಮಿನಾಗ ಕಾಯಿ ಕಟ್ಟೂ ಹೊತ್ತಿಗೆ ನೆಟೆ ರೋಗ ಬಂದು ನಮ್ಮ ಜಿಲ್ಲಾದಾಗ ಲಕ್ಷಾಂತರ ಎಕರೆ ತೊಗರಿ ನಿಂತಲ್ಲೇ ಒಣಗಿತು. ಸರ್ಕಾರ ಪರಿಹಾರ ಕೊಟ್ಟಿತು, ಕೊಟ್ಟದ್ದು ಬೀಜ ಗೊಬ್ಬರಕ್ಕೂ ಸಾಲಲಿಲ್ಲ.

ನೆಟೆ ರೋಗದ ಬೂಷ್ಟು ಮಣ್ಣಿನಾಗ ವರ್ಷಗಟ್ಲೆ ಇರತದ. ಅದೇ ಹೊಲಕ್ಕ ಮತ್ತ ಮತ್ತ ಬರೀ ತೊಗರಿ ಹಾಕಿದ್ರ ಅದಕ್ಕ ನಾವೇ ಊಟ ಹಾಕಿದಂಗ. ನಮ್ಮ ಮುತ್ಯಾ ತೊಗರಿ ಸಾಲಿನ ನಡುವ ಜ್ವಾಳ ಹಾಕತಿದ್ದ, ಅಂಚಿಗೆ ಪುಂಡಿ, ಸಜ್ಜಿ. ಜ್ವಾಳದ ಜೋಡಿ ಹಾಕಿದ ತೊಗರಿಗೆ ನೆಟೆ ಕಡಿಮಿ ಅಂತ ಪಟಾನಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಹೊಲದಾಗ ಮಾಡಿ ತೋರಿಸ್ಯಾರ. ಮುತ್ಯಾಗ ಬೂಷ್ಟು ಗೊತ್ತಿರಲಿಲ್ಲ, ಪದ್ಧತಿ ಗೊತ್ತಿತ್ತು. ನಾವು ತೊಗರಿಗೆ ರೇಟು ಬಂತಂತ ಒಡ್ಡಿನಿಂದ ಒಡ್ಡಿಗೆ ತೊಗರಿ ಒಂದೇ ಹಾಕಿದೆವು. ಮೊದಲಿಗೆ ನಾನೇ ಹಾಕಿದವ.

ನೆಟೆ ತಡಿಯೂ ಮಾರುತಿ ತೊಗರಿ ನಮ್ಮ ಕಡೀ ಭಾಳ ವರ್ಷ ನಡೀತು. ಅದೂ ಜವಾರಿ ಬೀಜದಾಗಿಂದನೇ ಇಕ್ರಿಸ್ಯಾಟಿನವರು ಆರಿಸಿ ತೆಗೆದದ್ದು. ಅಂದ್ರ ಯಾವನೋ ರೈತ ಎಲ್ಲೋ ಆ ಬೀಜ ಬಿಡದೆ ಕಾದಿಟ್ಟಿದ್ದಕ್ಕ ನಮ್ಮ ಹೊಲ ಉಳಿತು. ಈಗ ಪಟಾನಚೆರುವಿನ ಬೀಜದ ಬ್ಯಾಂಕಿನಾಗ ತೊಗರಿ ಒಂದರದೇ 13 ಸಾವಿರಕ್ಕೂ ಹೆಚ್ಚು ಮಾದರಿ ಅವ. ಅದರ ನಕಲು ನಾರ್ವೆ ದೇಶದ ಸ್ವಾಲ್‌ಬಾರ್ಡ್ ನಡುಗಡ್ಡಿಯಾಗ, ಹಿಮದ ಗುಡ್ಡದ ಹೊಟ್ಟಿಯಾಗ ಇಟ್ಟಾರ. 2008 ರಾಗ ಶುರು ಆದ ಆ ಉಗ್ರಾಣ ಅಂದ್ರ ಇಡೀ ಜಗತ್ತಿನ ಬೀಜದ ಗಡಗಿ ಅನ್ರಿ. ಸಿರಿಯಾದ ಯುದ್ಧದಾಗ ಅಲೆಪ್ಪೋದ ಬೀಜ ಬ್ಯಾಂಕಿನ ಕೆಲಸ ನಿಂತಾಗ, 2015 ರಾಗ ಅಲ್ಲಿ ಇಟ್ಟ ಬೀಜ ವಾಪಸ್ ತಗೊಂಡು ಮತ್ತ ಬಿತ್ತಿ ಬೆಳೆಸಿದ್ರು.

ಇದಕ್ಕಿಂತ ಹಿಂದಿನ ಇನ್ನೊಂದು ಮಾತು ಅದ. ಎರಡನೇ ಮಹಾಯುದ್ಧದಾಗ ಜರ್ಮನ್ ದಂಡು ರಷ್ಯಾದ ಲೆನಿನ್‌ಗ್ರಾಡ್ ಊರಿಗೆ ಮುತ್ತಿಗಿ ಹಾಕಿತ್ತು. 1941 ರಿಂದ 1944 ರ ತನಕ ಊರಿಗೆ ಊರೇ ಉಪವಾಸ. ಅಲ್ಲಿ ವಾವಿಲೋವ್ ಅನ್ನೂ ವಿಜ್ಞಾನಿ ಕೂಡಿಸಿದ್ದ ಬೀಜದ ಸಂಗ್ರಹ ಇತ್ತು, ಅಕ್ಕಿ, ಗೋಧಿ, ಶೇಂಗಾ, ಆಲೂಗಡ್ಡಿ ಎಲ್ಲ. ಅದನ್ನ ಕಾಯತಿದ್ದ ವಿಜ್ಞಾನಿಗಳಾಗ ಕೆಲವರು ಹಸಿವಿನಿಂದ ಸತ್ರು. ಸುತ್ತ ಕಾಳಿನ ಚೀಲ ಇದ್ದವು, ಮುಟ್ಟಲಿಲ್ಲ. ಬಿತ್ತೂ ಬೀಜ ಉಣಬಾರದು ಅಂತ ನಮ್ಮ ಹಿರಿಯರು ಹೇಳ್ತಿದ್ರಲ್ಲ, ಅದನ್ನ ಅವರು ಪ್ರಾಣ ಕೊಟ್ಟು ನಡೆಸಿದ್ರು.

ಇದನ್ನ ಓದಿದ ದಿನ ನನಗ ನಿದ್ದಿ ಬರಲಿಲ್ಲ. ಯಾಕಂದ್ರ ನಾ ಏನು ಮಾಡೀನಿ ಅಂತ ನನಗ ಗೊತ್ತದ.

ನಮ್ಮವ್ವನ ಅಟ್ಟದ ಮ್ಯಾಲ ಐದು ಗಡಗಿ ಇದ್ದವು. ಜ್ವಾಳ, ತೊಗರಿ, ಕುಸುಬಿ, ಪುಂಡಿ, ಸಜ್ಜಿ. ತೊಗರಿ ಅಂದ್ರ ಅಂಗಡಿದಲ್ಲ, ಆಕಿ ಲಗ್ನ ಆಗಿ ಬಂದಾಗಿಂದ ಮನ್ಯಾಗ ಇದ್ದದ್ದು. ಕಾಳು ಸಣ್ಣದು, ಮ್ಯಾಲ ಚುಕ್ಕಿ, ಬ್ಯಾಳಿ ಕುದಿಸಿದ್ರ ವಾಸನಿ ಓಣಿ ತನಕ ಹೋಗ್ತಿತ್ತು. ತಡವಾಗಿ ಬರ್ತಿತ್ತು, ಇಳುವರಿ ಕಡಿಮಿ. ಆಕಿ ವರ್ಷಾ ಒಂದು ಮೂಲ್ಯಾಗ ಹಾಕಸ್ತಿದ್ಲು, ಬೀಜ ಹೊಸದು ಮಾಡ್ತಿದ್ಲು. ಆಕಿ ತೀರಿಕೊಂಡ ಮ್ಯಾಲ ಒಂದು ವರ್ಷ ಬಿತ್ತಲಿಲ್ಲ, ಬರೂ ವರ್ಷ ನೋಡೋಣ ಅಂದೆ. ಎರಡನೇ ವರ್ಷವೂ ಹಂಗೇ ಆಯಿತು. ಮೂರನೇ ವರ್ಷ ಅಟ್ಟ ಸ್ವಚ್ಛ ಮಾಡುವಾಗ ಗಡಗಿ ತೆಗೆದು ನೋಡಿದ್ರ ಹುಳ ಹತ್ತಿ ಪುಡಿ ಆಗಿತ್ತು. ತಿಪ್ಪಿಗೆ ಚೆಲ್ಲಿದೆ. ಆ ತೊಗರಿಗೆ ಹೆಸರು ಏನಂತ ನನಗ ಗೊತ್ತಿಲ್ಲ. ಮನ್ಯಾಗ ಬರೀ "ನಮ್ಮ ತೊಗರಿ" ಅಂತಿದ್ವಿ. ಎಷ್ಟು ತಲಿಮಾರು ಡೋಗಿ ಬರ, ಧಾತು ಬರ ದಾಟಿ ಬಂದಿತ್ತೋ ಏನೋ. ನನ್ನ ಕೈಯಾಗ ಮುಗಿತು. ಬರ ಬಂದಿರಲಿಲ್ಲ, ಯುದ್ಧ ಇರಲಿಲ್ಲ. ಬರೂ ವರ್ಷ ನೋಡೋಣ ಅಂದದ್ದಕ್ಕ ಮುಗಿತು.

ಹೊಂಡದ ದಂಡಿ ಮ್ಯಾಲ ಆ ಹುಡುಗ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಲಾವಾ, ಬೂದಿ, ಬರ, ರೋಗ ಯಾವುದೂ ಮನುಷ್ಯನ್ನ ಇಲ್ಲಿತನಕ ಮುಗಿಸಿಲ್ಲ. ಯಾಕಂದ್ರ ಮನುಷ್ಯಾ ಚದುರಿದ್ದ, ಹತ್ತು ಬಗಿ ಉಣ್ಣತಿದ್ದ, ಎಲ್ಲೋ ಒಂದು ಮನ್ಯಾಗ ಏನೋ ಉಳಿಸಿ ಇಟ್ಟಿರತಿದ್ದ. ಈಗ ನಾವು ಎಲ್ಲಾರೂ ಒಂದೇ ಬೀಜ, ಒಂದೇ ಬಜಾರ, ಒಂದೇ ಹಗ್ಗಕ್ಕ ಜೋತುಬಿದ್ದೀವಿ. ಹಗ್ಗ ಹರಿಯೂದು ಹೊರಗಿನಿಂದ ಬರಬೇಕಂತಿಲ್ಲ.

ನೀವೆಲ್ಲ ಪೂರಾ ಹೊಲಕ್ಕ ಜವಾರಿ ಹಾಕ್ರಿ ಅಂತ ನಾ ಹೇಳೂದಿಲ್ಲ, ಸಾಲ ನಿಮ್ಮದು, ಲೆಕ್ಕ ನಿಮ್ಮದು. ನಾನೂ ಸುಧಾರಿಸಿದ ತೊಗರಿನೇ ಹಾಕ್ತೀನಿ. ಆದ್ರ ಈ ಸಲ ಎರಡು ಕೆಲಸ ಮಾಡಬೇಕಂತೀನಿ. ತೊಗರಿ ಜೋಡಿ ಜ್ವಾಳದ ಸಾಲು ತಿರುಗಿ ತರೂದು. ಮತ್ತ ಹೊಲದ ಒಂದು ಮೂಲ್ಯಾಗ ಬರೀ ಬೀಜಕ್ಕಂತ ಜವಾರಿ ತೊಗರಿ ಹಾಕೂದು. ಜೇನುಹುಳ ಒಂದರ ಪರಾಗ ಇನ್ನೊಂದಕ್ಕ ಒಯ್ತಾವ, ಅದಕ್ಕ ಬೀಜದ ತೊಗರಿ ಬ್ಯಾರೆ ತೊಗರಿಯಿಂದ ದೂರ ಇರಬೇಕು, ಗಡಗಿಗೆ ಹಾಕೂದು ನಡುವಿನ ಗಿಡದ ಕಾಯಿ ಆಗಬೇಕು.

ಇದಕ್ಕ ನಿಮ್ಮ ಸಹಾಯ ಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೀ ಯಾರ ಮನ್ಯಾಗಾದ್ರೂ ಅವ್ವನೋ ಆಯಿನೋ ಕಾದಿಟ್ಟ ಚುಕ್ಕಿ ತೊಗರಿ ಇದ್ರ ತಿಳಿಸ್ರಿ. ಒಂದು ಸೇರು ಕೊಡ್ರಿ, ರಾಶಿ ಆದ ಮ್ಯಾಲ ಎರಡು ಸೇರು ತಿರುಗಿ ಕೊಡ್ತೀನಿ, ಇನ್ನೊಂದು ಸೇರು ಕೇಳಿದವರಿಗೆ ಹಂಚ್ತೀನಿ. ಒಂದೇ ಮನ್ಯಾಗ ಇದ್ರ ಅದು ಮತ್ತ ತಿಪ್ಪಿಗೇ ಹೋಗ್ತದ. ಹತ್ತು ಅಟ್ಟದ ಮ್ಯಾಲ ಇದ್ರ ಒಂದರಾಗಾದ್ರೂ ಉಳಿತದ.

ಇವತ್ತೇ ಅಟ್ಟ ಹತ್ತಿ ನೋಡ್ರಿ. ಬರೂ ವರ್ಷ ನೋಡೋಣ ಅನಬ್ಯಾಡ್ರಿ.